ಬಜೆಟ್ ಇಲ್ಲದ ಆಫೀಸಿನಲ್ಲಿ ವಿಂಡೋಸ್ ಆಡ್ಮಿನ್: ಯಾವ ಟೂಲ್ ನಿಜವಾಗಿ ಕೆಲಸಕ್ಕೆ ಬರುತ್ತದೆ?

ತುಮಕೂರು_ಆಡ್ಮಿನ್:
ಎಲ್ಲರಿಗೂ ನಮಸ್ಕಾರ. ಇಲ್ಲೇ ತುಮಕೂರಿನ ಹತ್ತಿರ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಗೆ ಸಿಸ್ಟಮ್ ಆಡ್ಮಿನ್ ಆಗಿ ಹೊಸದಾಗಿ ಸೇರಿದ್ದೇನೆ. ಐಟಿ ವಿಭಾಗ ಅಂದರೆ ನಾನೊಬ್ಬನೇ. ಸುಮಾರು 120 ಪಿಸಿ, ಎರಡು ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್, ಚಿಕ್ಕದಾಗಿ ಡಿಸಿ), ವಿಂಡೋಸ್ ಸರ್ವರ್ 2016 ಹಾಕಿರುವ ಒಂದು ಫೈಲ್ ಸರ್ವರ್. ಸಾಫ್ಟ್‌ವೇರ್ ಕೊಳ್ಳಲು ಈ ವರ್ಷ ದುಡ್ಡಿಲ್ಲ ಎಂದು ಮೊದಲೇ ಹೇಳಿದ್ದಾರೆ.

ಸದ್ಯಕ್ಕೆ ಮೂರು ತಲೆನೋವು. ಒಂದು, ಅಕೌಂಟ್ಸ್ ವಿಭಾಗದ ಒಬ್ಬ ಮೇಡಂ ಲಾಗಿನ್ ದಿನಾ ಬೆಳಿಗ್ಗೆ ಲಾಕ್ ಆಗುತ್ತದೆ. ನಾನು ಅನ್‌ಲಾಕ್ ಮಾಡುತ್ತೇನೆ, ಮರುದಿನ ಮತ್ತೆ ಅದೇ ಕಥೆ. ಎರಡು, ಫೈಲ್ ಸರ್ವರ್‌ನ ಸಿ ಡ್ರೈವ್ ತುಂಬುತ್ತಿದೆ, ಏನು ತುಂಬುತ್ತಿದೆ ಎಂದೇ ಗೊತ್ತಾಗುತ್ತಿಲ್ಲ. ಮೂರು, ಒಂದು ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಹಕ್ಕು ಇಲ್ಲದೆ ಓಡುವುದೇ ಇಲ್ಲ. ಹಾಗಾಗಿ ಹಿಂದಿನವರು ಎಂಟು ಜನರಿಗೆ ಲೋಕಲ್ ಅಡ್ಮಿನ್ ಕೊಟ್ಟು ಹೋಗಿದ್ದಾರೆ.

ದುಡ್ಡು ಕೊಡದೆ ಸಿಗುವ ಯಾವ ಟೂಲ್‌ಗಳನ್ನು ಕಲಿತರೆ ಒಳ್ಳೆಯದು? ಉದ್ದದ ಪಟ್ಟಿ ಬೇಡ. ನೀವು ವಾರಕ್ಕೊಮ್ಮೆಯಾದರೂ ತೆರೆಯುವಂಥದ್ದು ಹೇಳಿ.

ಪ್ಯಾಚ್_ಬುಧವಾರ:
ಮೊದಲು ಸಿಸ್‌ಇಂಟರ್ನಲ್ಸ್, ವಿಂಡೋಸ್ ತಪಾಸಣೆಯ ಟೂಲ್‌ಗಳ ಒಂದು ಕಟ್ಟು. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರು ಮಾಡಿದ್ದು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡಿತು. ಈಗಲೂ ಉಚಿತ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಅದರಲ್ಲಿ ಎಪ್ಪತ್ತರ ಆಸುಪಾಸು ಟೂಲ್‌ಗಳಿವೆ. ಎಲ್ಲ ಕಲಿಯಬೇಕಿಲ್ಲ. ಪ್ರೊಸೆಸ್ ಎಕ್ಸ್‌ಪ್ಲೋರರ್ (ಟಾಸ್ಕ್ ಮ್ಯಾನೇಜರ್‌ನ ದೊಡ್ಡಣ್ಣ), ಪ್ರೊಸೆಸ್ ಮಾನಿಟರ್, ಆಟೋರನ್ಸ್ ಈ ಮೂರು ಬಂದರೆ ಸಾಕು.

ನಿಮ್ಮ ಮೂರನೇ ತಲೆನೋವಿಗೆ ಪ್ರೊಸೆಸ್ ಮಾನಿಟರ್ ಇದೆ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತಿದೆ, ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರ) ಯಾವ ಕೀ ಮುಟ್ಟುತ್ತಿದೆ ಎಂದು ಅದು ತೋರಿಸುತ್ತದೆ. ಎಲ್ಲರೂ ಪ್ರಾಕ್‌ಮಾನ್ ಎಂದೇ ಕರೆಯುತ್ತಾರೆ. ಹೀಗೆ ಮಾಡಿ. ಆ ಬಿಲ್ಲಿಂಗ್ ಸಾಫ್ಟ್‌ವೇರ್ ಅನ್ನು ಸಾಮಾನ್ಯ ಬಳಕೆದಾರರ ಲಾಗಿನ್‌ನಲ್ಲಿ ತೆರೆಯಿರಿ. ಪ್ರಾಕ್‌ಮಾನ್ ಅನ್ನು ಮಾತ್ರ ಅಡ್ಮಿನ್ ಆಗಿ ಓಡಿಸಿ. ಫಿಲ್ಟರ್‌ನಲ್ಲಿ ಪ್ರೊಸೆಸ್ ಹೆಸರು ಕೊಟ್ಟು, ರಿಸಲ್ಟ್ ಕಾಲಂಗೆ ‘ಆಕ್ಸೆಸ್ ಡಿನೈಡ್’ ಎಂದು ಹಾಕಿ. ಸಾಮಾನ್ಯವಾಗಿ ಎರಡೋ ಮೂರೋ ಸಾಲು ಉಳಿಯುತ್ತವೆ. ಹಳೇ ಸಾಫ್ಟ್‌ವೇರ್‌ಗಳ ಚಾಳಿ ಒಂದೇ. ತನ್ನ ಸೆಟ್ಟಿಂಗ್‌ಗಳಿರುವ ಐಎನ್‌ಐ ಫೈಲನ್ನೋ ಡೇಟಾ ಫೈಲನ್ನೋ ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗುತ್ತದೆ, ಇಲ್ಲವೇ ರಿಜಿಸ್ಟ್ರಿಯ ಲೋಕಲ್ ಮಷಿನ್ ಭಾಗದಲ್ಲಿ ತನ್ನದೊಂದು ಕೀ ತಿದ್ದಲು ಹೋಗುತ್ತದೆ. ಆ ಒಂದು ಫೋಲ್ಡರ್‌ಗೆ ಮಾತ್ರ ‘ಮಾಡಿಫೈ’ ಹಕ್ಕು, ಆ ಒಂದು ಕೀಗೆ ಮಾತ್ರ ಬರೆಯುವ ಹಕ್ಕು ಕೊಡಿ. ಎಂಟು ಜನರ ಅಡ್ಮಿನ್ ಹಕ್ಕು ವಾಪಸ್ ತೆಗೆದುಕೊಳ್ಳಬಹುದು. ಫೋಲ್ಡರ್ ಒಳಗೆ ಇಎಕ್ಸ್‌ಇ ಕೂಡ ಇದ್ದರೆ ಇಡೀ ಫೋಲ್ಡರ್ ಬಿಟ್ಟುಕೊಡಬೇಡಿ, ಆ ಡೇಟಾ ಫೈಲ್‌ಗೆ ಮಾತ್ರ ಕೊಡಿ. ಇಲ್ಲದಿದ್ದರೆ ಯಾರು ಬೇಕಾದರೂ ಇಎಕ್ಸ್‌ಇಯನ್ನೇ ಬದಲಿಸಿ ಇಡಬಹುದು.

ಒಂದು ಎಚ್ಚರಿಕೆ. ಪ್ರಾಕ್‌ಮಾನ್ ಓಡಿಸಿ ಊಟಕ್ಕೆ ಹೋಗಬೇಡಿ. ತಾನು ಕಂಡದ್ದನ್ನೆಲ್ಲ ಅದು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಫಿಲ್ಟರ್ ಹಾಕಿದರೂ ಮರೆಯಲ್ಲಿ ಎಲ್ಲ ಸೇರುತ್ತಲೇ ಇರುತ್ತದೆ. ಜಾಸ್ತಿ ಹೊತ್ತು ಓಡಿಸಬೇಕಾದರೆ ಫಿಲ್ಟರ್ ಮೆನುವಿನಲ್ಲಿ ‘ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್’ ಆರಿಸಿಕೊಳ್ಳಿ.

ಪಿಸಿ ಜೊತೆ ತಾವಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಆಟೋರನ್ಸ್‌ನಲ್ಲಿ ಮೈಕ್ರೋಸಾಫ್ಟ್ ಸಾಲುಗಳನ್ನು ಮರೆಮಾಡಿ ನೋಡಿ. ಹಳದಿ ಬಣ್ಣದಲ್ಲಿ ಕಂಡರೆ ಆ ಫೈಲ್ ಈಗ ಇಲ್ಲ ಎಂದರ್ಥ. ಅನುಮಾನ ಇದ್ದದ್ದನ್ನು ಡಿಲೀಟ್ ಮಾಡದೆ ಟಿಕ್ ಮಾತ್ರ ತೆಗೆಯಿರಿ. ಬೇಕಾದರೆ ಮತ್ತೆ ಹಾಕಬಹುದು.

ಕೇಬಲ್_ಕಟ್ಟು:
ಇಷ್ಟೆಲ್ಲ ಯಾಕೆ ಸರ್? ನೂರಕ್ಕೆ ತೊಂಬತ್ತು ಸಮಸ್ಯೆ ರೀಸ್ಟಾರ್ಟ್ ಮಾಡಿದರೆ ಹೋಗುತ್ತವೆ 😄

ಪ್ಯಾಚ್_ಬುಧವಾರ:
ಹೋಗುತ್ತವೆ, ಸಾಕ್ಷಿಯೂ ಜೊತೆಗೇ ಹೋಗುತ್ತದೆ. ಅಷ್ಟಕ್ಕೂ ಬಳಕೆದಾರರು ‘ಶಟ್‌ಡೌನ್ ಮಾಡಿ ಆನ್ ಮಾಡಿದೆ’ ಎಂದರೆ ಅದು ರೀಸ್ಟಾರ್ಟ್ ಅಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಬಂದಿದೆಯಲ್ವಾ? ಶಟ್‌ಡೌನ್ ಒತ್ತಿದರೆ ವಿಂಡೋಸ್‌ನ ತಿರುಳಾದ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಅಪ್ ಟೈಮ್’ ನೋಡಿ. ದಿನಾ ಆಫ್ ಮಾಡುವ ಪಿಸಿಯಲ್ಲೂ ವಾರಗಟ್ಟಲೆ ತೋರಿಸುತ್ತದೆ.

ಕೇಬಲ್_ಕಟ್ಟು:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಪ್ರಿಂಟರ್ ತಕರಾರುಗಳಿಗೆಲ್ಲ ಇದೇ ಕಾರಣ ಇರಬಹುದು.

ಲಾಗ್_ಓದುವವಳು:
ಅಕೌಂಟ್ ಲಾಕ್ ಬಗ್ಗೆ ನಾನು ಹೇಳುತ್ತೇನೆ. ದಿನಾ ಅನ್‌ಲಾಕ್ ಮಾಡುವುದು ಬಿಡಿ, ಎಲ್ಲಿಂದ ಲಾಕ್ ಆಗುತ್ತಿದೆ ಎಂದು ಹಿಡಿಯಿರಿ. ಇದಕ್ಕೆ ಹೊಸ ಟೂಲ್ ಏನೂ ಬೇಡ.

ಮೊದಲು ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಓ’ ಎಂದು ಓಡಿಸಿ. ನಿಮ್ಮ ಎರಡು ಡಿಸಿಗಳಲ್ಲಿ ಪಿಡಿಸಿ ಪಾತ್ರ, ಅಂದರೆ ಮುಖ್ಯಸ್ಥನ ಕೆಲಸ, ಯಾವುದರದ್ದು ಎಂದು ಗೊತ್ತಾಗುತ್ತದೆ. ಲಾಕ್ ಎಲ್ಲೇ ಆಗಲಿ, ಸುದ್ದಿ ಪಿಡಿಸಿಗೆ ಬಂದೇ ಬರುತ್ತದೆ. ಅಲ್ಲಿ ಸೆಕ್ಯುರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ಈವೆಂಟ್ ಹುಡುಕಿ, ಅಕೌಂಟ್ ಲಾಕ್ ಆಯಿತು ಎಂದು ಅದರರ್ಥ. ಅದರೊಳಗೆ ‘ಕಾಲರ್ ಕಂಪ್ಯೂಟರ್ ನೇಮ್’ ಎಂದು ಒಂದು ಸಾಲಿದೆ. ಅದೇ ನಿಮ್ಮ ಕಳ್ಳ.

ಈವೆಂಟ್ ವ್ಯೂವರ್ ತೆರೆದು ಕೂರಬೇಡಿ, ಸೆಕ್ಯುರಿಟಿ ಲಾಗ್ ದೊಡ್ಡದಿದ್ದರೆ ಮುಗಿಯುವುದೇ ಇಲ್ಲ. ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಗೆಟ್-ವಿನ್‌ಈವೆಂಟ್‌ಗೆ ಫಿಲ್ಟರ್‌ಹ್ಯಾಶ್‌ಟೇಬಲ್ ಕೊಟ್ಟು ಲಾಗ್ ಹೆಸರು, ಐಡಿ, ಶುರುವಿನ ಸಮಯ ಇಷ್ಟು ಹೇಳಿ. ಕೆಲವರು ಎಲ್ಲವನ್ನೂ ಎಳೆದು ತಂದು ಆಮೇಲೆ ವೇರ್-ಆಬ್ಜೆಕ್ಟ್ ಹಾಕಿ ಸೋಸುತ್ತಾರೆ. ಹಾಗೆ ಮಾಡಿದರೆ ಪ್ರತಿ ಈವೆಂಟ್ ಮೊದಲು ನಿಮ್ಮ ಹತ್ತಿರ ಬಂದು ಆಮೇಲೆ ಕಸಕ್ಕೆ ಹೋಗುತ್ತದೆ. ಹ್ಯಾಶ್‌ಟೇಬಲ್ ಕೊಟ್ಟರೆ ಲಾಗ್ ಇರುವ ಕಡೆಯೇ ಸೋಸಿ ಕಳಿಸುತ್ತದೆ. ವೇಗದಲ್ಲಿ ಅಜಗಜಾಂತರ.

ಕಾಲರ್ ಜಾಗದಲ್ಲಿ ಮೇಲ್ ಸರ್ವರ್ ಹೆಸರು ಬಂದರೆ ಅವರ ಫೋನಿನಲ್ಲಿ ಹಳೇ ಪಾಸ್‌ವರ್ಡ್ ಉಳಿದಿದೆಯಾ ನೋಡಿ. ವೈಫೈಗೆ ಡೊಮೈನ್ ಲಾಗಿನ್ ಬಳಸುತ್ತಿದ್ದರೆ ವೈಫೈ ಲಾಗಿನ್ ಪರೀಕ್ಷಿಸುವ ರೇಡಿಯಸ್ ಸರ್ವರ್ ಹೆಸರು ಬರುತ್ತದೆ, ಅಲ್ಲೂ ಫೋನೇ ಆರೋಪಿ. ಸಾಮಾನ್ಯ ಪಿಸಿ ಹೆಸರು ಬಂದರೆ ಆ ಪಿಸಿಯಲ್ಲಿ ನಾಲ್ಕು ಕಡೆ ಹುಡುಕಿ: ಕ್ರೆಡೆನ್ಷಿಯಲ್ ಮ್ಯಾನೇಜರ್ (ಉಳಿಸಿಟ್ಟ ಪಾಸ್‌ವರ್ಡ್‌ಗಳ ಜಾಗ), ಮ್ಯಾಪ್ ಮಾಡಿದ ಡ್ರೈವ್, ಶೆಡ್ಯೂಲ್ಡ್ ಟಾಸ್ಕ್, ಸರ್ವಿಸ್. ಲಾಗಾಫ್ ಮಾಡದೆ ಬಿಟ್ಟುಹೋದ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಕೂಡ ಈ ಕೆಲಸ ಮಾಡುತ್ತದೆ.

ಹೆಚ್ಚಿನವರು ಮರೆಯುವ ಜಾಗ ಇನ್ನೊಂದಿದೆ. ವಿಂಡೋಸ್ ತಾನೇ ಬಳಸುವ ಸಿಸ್ಟಮ್ ಅಕೌಂಟ್ ಹೆಸರಿನಲ್ಲೂ ಪಾಸ್‌ವರ್ಡ್ ಉಳಿದಿರಬಹುದು. ಅದು ನಿಮ್ಮ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಕಾಣುವುದಿಲ್ಲ. ಸಿಸ್‌ಇಂಟರ್ನಲ್ಸ್‌ನಲ್ಲೇ ಇರುವ ಪಿಎಸ್‌ಎಕ್ಸೆಕ್‌ಗೆ -ಎಸ್ -ಐ ಕೊಟ್ಟು ಸಿಸ್ಟಮ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿಂದ ‘ರನ್‌ಡಿಎಲ್‌ಎಲ್32 ಕೀಎಂಜಿಆರ್.ಡಿಎಲ್‌ಎಲ್,ಕೆಆರ್‌ಶೋಕೀಎಂಜಿಆರ್’ ಓಡಿಸಿ. ಆಗ ಕಾಣುತ್ತದೆ.

ತುಮಕೂರು_ಆಡ್ಮಿನ್:
ತುಂಬಾ ಥ್ಯಾಂಕ್ಸ್ ಮೇಡಂ. ನಾಳೆ ಬೆಳಿಗ್ಗೆ ಲಾಕ್ ಆಗಲಿ ಎಂದು ಕಾಯುತ್ತೇನೆ. ಜೀವನದಲ್ಲಿ ಮೊದಲ ಸಲ.

ಫೈಲ್_ಸರ್ವರ್_ಭೂತ:
ಸಿ ಡ್ರೈವ್‌ಗೆ ಬರುತ್ತೇನೆ. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ಟೂಲ್‌ಗಳಲ್ಲಿ ವಿಜ್‌ಟ್ರೀ ತುಂಬಾ ವೇಗ, ಯಾಕೆಂದರೆ ಅದು ಫೋಲ್ಡರ್ ಫೋಲ್ಡರ್ ಸುತ್ತುವುದಿಲ್ಲ, ಡ್ರೈವ್‌ನ ಫೈಲ್ ಪಟ್ಟಿಯಾದ ಎನ್‌ಟಿಎಫ್‌ಎಸ್‌ನ ಎಂಎಫ್‌ಟಿಯನ್ನೇ ನೇರ ಓದುತ್ತದೆ. ಆದರೆ ಉಚಿತ ಬಳಕೆ ಮನೆಗೆ ಮಾತ್ರ, ಕಂಪನಿಯಲ್ಲಿ ಬಳಸಲು ಲೈಸೆನ್ಸ್ ಬೇಕು. ವಿನ್‌ಡಿರ್‌ಸ್ಟ್ಯಾಟ್ ಓಪನ್ ಸೋರ್ಸ್, ಆಫೀಸಿನಲ್ಲಿ ನಿಶ್ಚಿಂತೆಯಿಂದ ಬಳಸಿ. ಹಳೇ 1.1.2 ನಿಧಾನ, ಈಗಿನ 2ನೇ ಆವೃತ್ತಿ ಬಹಳ ಸುಧಾರಿಸಿದೆ.

ಯಾವುದನ್ನೇ ಓಡಿಸಿ, ಅಡ್ಮಿನ್ ಆಗಿ ಓಡಿಸಿ. ಇಲ್ಲದಿದ್ದರೆ ಕೆಲವು ಫೋಲ್ಡರ್‌ಗಳ ಒಳಗೆ ಅದಕ್ಕೆ ಪ್ರವೇಶವೇ ಇಲ್ಲ, ಲೆಕ್ಕ ತಾಳೆ ಆಗುವುದಿಲ್ಲ.

ಕಂಡದ್ದನ್ನೆಲ್ಲ ಒರೆಸಬೇಡಿ. ವಿಂಡೋಸ್‌ನ ಭಾಗಗಳಿರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ಬಹುಪಾಲು ಹಾರ್ಡ್ ಲಿಂಕ್, ಅಂದರೆ ಒಂದೇ ಫೈಲ್‌ಗೆ ಎರಡನೇ ಹೆಸರು. ಅದೇ ಫೈಲನ್ನು ಎಕ್ಸ್‌ಪ್ಲೋರರ್ ಎರಡು ಸಲ ಎಣಿಸುತ್ತದೆ ಅಷ್ಟೆ. ಅಲ್ಲಿ ಕೈಯಾರೆ ಏನೂ ಅಳಿಸಬಾರದು. ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಕಮಾಂಡ್‌ಗೆ /ಆನ್‌ಲೈನ್ /ಕ್ಲೀನಪ್-ಇಮೇಜ್ /ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಕೊಡಿ, ಅದೇ ನೋಡಿಕೊಳ್ಳುತ್ತದೆ. ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್ ಕೂಡ ಮುಟ್ಟಬೇಡಿ. ಇವತ್ತು ಏನೂ ಆಗುವುದಿಲ್ಲ. ಆರು ತಿಂಗಳ ಮೇಲೆ ಯಾವುದೋ ಸಾಫ್ಟ್‌ವೇರ್ ಅಪ್‌ಡೇಟ್ ಆಗಲೂ ಒಲ್ಲದು, ಅನ್‌ಇನ್‌ಸ್ಟಾಲ್ ಆಗಲೂ ಒಲ್ಲದು.

ಬಿಟ್ಟುಹೋದವರ ಪ್ರೊಫೈಲ್ ಇದ್ದರೆ ಯೂಸರ್ಸ್ ಫೋಲ್ಡರ್‌ನಿಂದ ಸುಮ್ನೆ ಡಿಲೀಟ್ ಹೊಡೆಯಬೇಡಿ. ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್‌ನಲ್ಲಿ ಹೆಸರು ಉಳಿಯುತ್ತದೆ. ಅವರೇ ಮತ್ತೆ ಲಾಗಿನ್ ಆದರೆ ‘ಟೆಂಪರರಿ ಪ್ರೊಫೈಲ್’ ಬರುತ್ತದೆ. ಸಿಸ್ಟಮ್ ಪ್ರಾಪರ್ಟೀಸ್‌ನ ಯೂಸರ್ ಪ್ರೊಫೈಲ್ಸ್ ಪಟ್ಟಿಯಿಂದ ತೆಗೆಯಿರಿ.

ವೆಬ್ ಸರ್ವರ್ ಐಐಎಸ್ ಇದ್ದರೆ ಐನೆಟ್‌ಪಬ್ ಒಳಗಿನ ಲಾಗ್‌ಫೈಲ್ಸ್ ನೋಡಿ. ಅದು ತಾನಾಗಿ ಯಾವತ್ತೂ ಅಳಿಸುವುದಿಲ್ಲ.

ಇಷ್ಟಾದರೂ ಲೆಕ್ಕ ಸಿಗದಿದ್ದರೆ ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್ಟೋರೇಜ್’ ಓಡಿಸಿ, ಶ್ಯಾಡೋ ಕಾಪಿಗಳು (ಡ್ರೈವ್‌ನ ಹಳೇ ಸ್ಥಿತಿಯ ಪ್ರತಿಗಳು) ಎಷ್ಟು ಜಾಗ ತಿಂದಿವೆ ಎಂದು ಹೇಳುತ್ತದೆ.

ತುಮಕೂರು_ಆಡ್ಮಿನ್:
ಭೂತ ಸರ್, ಆ ಕೊನೆಯ ಸಾಲೇ ಉತ್ತರ! ಡಿ ಡ್ರೈವ್‌ನ ಶ್ಯಾಡೋ ಕಾಪಿಗಳನ್ನು ಯಾರೋ ಸಿ ಡ್ರೈವ್ ಮೇಲೆ ಇಡುವ ಹಾಗೆ ಮಾಡಿದ್ದಾರೆ. ಗರಿಷ್ಠ ಮಿತಿ ಜಾಗದಲ್ಲಿ ‘ಅನ್‌ಬೌಂಡೆಡ್’ (ಮಿತಿ ಇಲ್ಲ) ಎಂದಿದೆ. ಈಗ ಏನು ಮಾಡಲಿ? ಅಳಿಸಿಬಿಡಲೇ?

ಫೈಲ್_ಸರ್ವರ್_ಭೂತ:
ತಡೆಯಿರಿ. ‘ಪ್ರೀವಿಯಸ್ ವರ್ಷನ್ಸ್’ನಿಂದ ಹಳೇ ಎಕ್ಸೆಲ್ ತೆಗೆದುಕೊಡಲು ಅದೇ ಆಧಾರ. ಬ್ಯಾಕಪ್ ಸರಿಯಾಗಿದೆಯಾ ಮೊದಲು ನೋಡಿಕೊಳ್ಳಿ. ಆಮೇಲೆ ‘ರೀಸೈಜ್ ಶ್ಯಾಡೋಸ್ಟೋರೇಜ್’ ಕೊಟ್ಟು ಮಿತಿ ಹಾಕಿ. ಮಿತಿ ಕಡಿಮೆಯಾದ ಕೂಡಲೇ ಹಳೆಯವು ತಾವಾಗಿ ಹೋಗುತ್ತವೆ. ಸಿ ಡ್ರೈವ್ ಉಸಿರಾಡಲು ಶುರು ಮಾಡಿದ ಮೇಲೆ ಒಂದು ರಜಾದಿನ ನೋಡಿ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಿ. ಹಾಗೆ ಬದಲಿಸಲು ಇರುವ ಕಾಪಿಗಳನ್ನು ಕಳೆದುಕೊಳ್ಳಲೇಬೇಕು. ಅದನ್ನು ಮ್ಯಾನೇಜರ್‌ಗೆ ಮೊದಲೇ ತಿಳಿಸಿ. ಸುಮ್ಮನಿದ್ದರೆ ಸೋಮವಾರವೇ ಯಾರಾದರೂ ಹಳೇ ಫೈಲ್ ಕೇಳಿಕೊಂಡು ಬರುತ್ತಾರೆ, ಅದು ಗ್ಯಾರಂಟಿ.

ಶ್ಯಾಡೋ ಕಾಪಿ ಬ್ಯಾಕಪ್ ಅಲ್ಲ ಎಂಬುದೂ ಗೊತ್ತಿರಲಿ. ರ‍್ಯಾನ್ಸಮ್‌ವೇರ್‌ಗಳು (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದ ಕೂಡಲೇ ಮಾಡುವ ಕೆಲಸಗಳಲ್ಲಿ ಅದನ್ನು ಅಳಿಸುವುದೂ ಒಂದು.

ಕೇಬಲ್_ಕಟ್ಟು:
ಬ್ಯಾಕಪ್‌ಗೆ ನಾನು ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿ /ಎಂಐಆರ್ ಹಾಕಿದ್ದೇನೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಫಲಿತಾಂಶ ಸದಾ 0ಎಕ್ಸ್1 ಎಂದು ತೋರಿಸುತ್ತದೆ. ಫೇಲ್ ಆಗಿದೆಯಾ?

ಫೈಲ್_ಸರ್ವರ್_ಭೂತ:
ಇಲ್ಲ, ಗೆದ್ದಿದೆ. ಬೇರೆ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ 0 ಬಿಟ್ಟು ಏನೇ ಬಂದರೂ ತಪ್ಪು. ರೋಬೋಕಾಪಿಯ ಲೆಕ್ಕವೇ ಬೇರೆ. 0 ಅಂದರೆ ಕಾಪಿ ಮಾಡಲು ಏನೂ ಇರಲಿಲ್ಲ. 1 ಅಂದರೆ ಫೈಲ್‌ಗಳು ಕಾಪಿ ಆಗಿವೆ. 2 ಅಂದರೆ ಗುರಿಯ ಕಡೆ ಹೆಚ್ಚುವರಿ ಫೈಲ್‌ಗಳಿದ್ದವು. 4 ಅಂದರೆ ಹೊಂದಿಕೆ ಆಗದವು. ಇವೆಲ್ಲ ಕೂಡಿಕೊಂಡು 7ರ ತನಕ ಬರಬಹುದು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಗಾಬರಿಯಾಗಿ. ಸ್ಕ್ರಿಪ್ಟ್‌ನ ಕೊನೆಯಲ್ಲಿ ‘8ಕ್ಕಿಂತ ಕಡಿಮೆ ಇದ್ದರೆ 0 ಕೊಟ್ಟು ಹೊರಬಾ’ ಎಂದು ಒಂದು ಸಾಲು ಸೇರಿಸಿ.

ಎಷ್ಟು ಸಲ, ಎಷ್ಟು ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸಬೇಕು ಎಂದು ಹೇಳುವ /ಆರ್ ಮತ್ತು /ಡಬ್ಲ್ಯೂ ಕೊಟ್ಟಿದ್ದೀರಾ? ಕೊಡದಿದ್ದರೆ ತೆರೆದಿರುವ ಒಂದು ಫೈಲ್ ಸಿಕ್ಕಿತು ಎನ್ನಿ. ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ, ಒಂದೇ ಫೈಲ್‌ಗೆ 11 ತಿಂಗಳಿಗೂ ಜಾಸ್ತಿ. /ಆರ್:1 /ಡಬ್ಲ್ಯೂ:1 ಸಾಕು.

/ಎಂಐಆರ್ ಬಗ್ಗೆ ಹೆದರಿಕೆ ಇರಲೇಬೇಕು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿ ಅಳಿಸುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ಮಾತೇ ಇಲ್ಲ. ಹೊಸ ಸಾಲು ಬರೆದಾಗ ಮೊದಲು /ಎಲ್ ಸೇರಿಸಿ ಓಡಿಸಿ. ಏನು ಮಾಡುತ್ತೇನೆ ಎಂದು ಹೇಳುತ್ತದೆ, ಮಾಡುವುದಿಲ್ಲ. ಮತ್ತೆ ಮೂಲದಲ್ಲಿ ರ‍್ಯಾನ್ಸಮ್‌ವೇರ್ ಹೊಡೆದರೆ ರಾತ್ರಿ ಅದೇ ಹಾಳಾದ ಫೈಲ್‌ಗಳನ್ನು ನಿಷ್ಠೆಯಿಂದ ಬ್ಯಾಕಪ್‌ಗೂ ತುಂಬುತ್ತದೆ. ಹಾಗಾಗಿ ನೆಟ್‌ವರ್ಕ್‌ನಿಂದ ಕಳಚಿ ಇಡುವ ಒಂದು ಡಿಸ್ಕ್ ಬೇರೆ ಇರಲಿ.

ಇನ್ನೊಂದು. ಡ್ರೈವ್‌ನ ಮೂಲದಿಂದಲೇ, ಅಂದರೆ ಡಿ:\ ಎಂದು ಕೊಟ್ಟು ಕಾಪಿ ಮಾಡಿದರೆ ಗುರಿ ಫೋಲ್ಡರ್ ಮಾಯವಾದಂತೆ ಕಾಣುತ್ತದೆ. ಎಲ್ಲೂ ಹೋಗಿಲ್ಲ. ಡ್ರೈವ್‌ನ ಹಿಡನ್, ಸಿಸ್ಟಮ್ ಗುಣಗಳು ಫೋಲ್ಡರ್‌ಗೂ ಅಂಟಿವೆ. /ಎ-:ಎಸ್‌ಎಚ್ ಸೇರಿಸಿದರೆ ಸರಿ.

ತುಮಕೂರು_ಆಡ್ಮಿನ್:
ಲಾಕ್ ಕಳ್ಳ ಸಿಕ್ಕಿದ. ಕಾಲರ್ ಜಾಗದಲ್ಲಿ ಗೇಟ್ ಹತ್ತಿರದ ಹಾಜರಾತಿ ಪಿಸಿ ಹೆಸರು ಬಂತು. ಬೆರಳಚ್ಚು ಯಂತ್ರದ ಫೈಲನ್ನು ಶೇರ್‌ಗೆ ಕಾಪಿ ಮಾಡಲು ಅಲ್ಲಿ ಒಂದು ಶೆಡ್ಯೂಲ್ಡ್ ಟಾಸ್ಕ್ ಇದೆ. ಅದು ಓಡುವುದು ಆ ಮೇಡಂ ಲಾಗಿನ್‌ನಲ್ಲಿ! ಅವರು ಪಾಸ್‌ವರ್ಡ್ ಬದಲಿಸಿದ ದಿನದಿಂದ ತೊಂದರೆ. ರಾತ್ರಿ ಆ ಪಿಸಿ ಆಫ್ ಇರುತ್ತದೆ, ಬೆಳಿಗ್ಗೆ ಆನ್ ಆದ ಕೂಡಲೇ ಲಾಕ್. ಅಂದರೆ ಇಷ್ಟು ದಿನ ಹಾಜರಾತಿ ಫೈಲ್ ಕೂಡ ಬಂದೇ ಇಲ್ಲ. ಎಚ್‌ಆರ್‌ನವರು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಿದ್ದರಂತೆ, ಯಾರೂ ನನಗೆ ಹೇಳಿಲ್ಲ.

ಲಾಗ್_ಓದುವವಳು:
ಈಗ ಹೊಸ ಪಾಸ್‌ವರ್ಡ್ ಹಾಕಿ ಮುಗಿಸಬೇಡಿ. ಮುಂದಿನ ಸಲ ಬದಲಾದಾಗ ಮತ್ತೆ ಇದೇ. ನಿಮ್ಮ ಡಿಸಿಗಳು ಸರ್ವರ್ 2012 ಅಥವಾ ಅದರ ನಂತರದವಾದರೆ ಜಿಎಂಎಸ್‌ಎ ಮಾಡಿ, ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ, 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಶೆಡ್ಯೂಲ್ಡ್ ಟಾಸ್ಕ್‌ಗೂ ನಡೆಯುತ್ತದೆ, ಆದರೆ ಅದನ್ನು ಪವರ್‌ಶೆಲ್ ಮೂಲಕ ಕೂರಿಸಬೇಕು, ಮಾಮೂಲಿ ಕಿಟಕಿ ಪಾಸ್‌ವರ್ಡ್ ಕೇಳುತ್ತದೆ. ಡೊಮೈನ್‌ನಲ್ಲಿ ಒಂದು ಸಲ, ಆ ಪಾಸ್‌ವರ್ಡ್‌ಗಳನ್ನು ಹುಟ್ಟಿಸುವ ಕೆಡಿಎಸ್ ರೂಟ್ ಕೀ ಸೇರಿಸಬೇಕು. ಸೇರಿಸಿ 10 ಗಂಟೆ ಕಾಯಬೇಕು, ಹಾಗಾಗಿ ಇವತ್ತು ಸಂಜೆ ಮನೆಗೆ ಹೋಗುವ ಮುಂಚೆ ಸೇರಿಸಿ.

ಹಾಗೇ ಉಳಿದ ಪಿಸಿಗಳಲ್ಲೂ ಇಂಥ ಟಾಸ್ಕ್ ಇದೆಯಾ ನೋಡಿ. ‘ಎಸ್‌ಸಿಎಚ್‌ಟಾಸ್ಕ್ಸ್ /ಕ್ವೆರಿ /ವಿ /ಎಫ್‌ಓ ಸಿಎಸ್‌ವಿ’ ಕೊಟ್ಟು ‘ರನ್ ಆಸ್ ಯೂಸರ್’ ಕಾಲಂನಲ್ಲಿ ಮನುಷ್ಯರ ಹೆಸರು ಹುಡುಕಿ. ಸರ್ವಿಸ್‌ಗಳಿಗೆ ಪವರ್‌ಶೆಲ್‌ನಲ್ಲಿ ವಿನ್32_ಸರ್ವಿಸ್‌ನ ಸ್ಟಾರ್ಟ್‌ನೇಮ್ ನೋಡಿ. ಹಿಂದಿನ ಅಡ್ಮಿನ್ ಹೆಸರೂ ಸಿಗುತ್ತದೆ ನೋಡಿ.

ಎಎಂಸಿ_ಹುಲಿ:
ನಾನು ಬೇರೆ ಮಾತು ಹೇಳುತ್ತೇನೆ. 120 ಪಿಸಿಗೆ ಒಬ್ಬನೇ ಅಂದರೆ ಈ ಉಚಿತ ಟೂಲ್ ಸಾಹಸ ಬಹಳ ದಿನ ನಡೆಯುವುದಿಲ್ಲ. ಒಂದು ಆರ್‌ಎಂಎಂ, ಅಂದರೆ ಎಲ್ಲ ಪಿಸಿಗಳನ್ನು ದೂರದಿಂದ ನೋಡಿಕೊಳ್ಳುವ ಸಾಫ್ಟ್‌ವೇರ್, ಕೊಳ್ಳಿ. ಪ್ಯಾಚ್, ರಿಮೋಟ್, ಇನ್ವೆಂಟರಿ ಎಲ್ಲ ಒಂದೇ ಪರದೆಯಲ್ಲಿ. ನಿಮ್ಮ ಸಮಯಕ್ಕೂ ಬೆಲೆ ಇದೆ ಎಂದು ಮ್ಯಾನೇಜ್‌ಮೆಂಟ್‌ಗೆ ಹೇಳಲು ಕಲಿಯಿರಿ.

ಪ್ಯಾಚ್_ಬುಧವಾರ:
ಸಮಯಕ್ಕೆ ಬೆಲೆ ಇದೆ ಎಂಬುದು ಒಪ್ಪಿದೆ ಹುಲಿ ಸರ್. ಆದರೆ ಮೇಲಿನ ಮೂರರಲ್ಲಿ ಯಾವುದನ್ನು ಆರ್‌ಎಂಎಂ ಕಂಡುಹಿಡಿಯುತ್ತಿತ್ತು ಹೇಳಿ? ‘ಡಿಸ್ಕ್ ತುಂಬಿದೆ’ ಎಂದು ಕೆಂಪು ದೀಪ ತೋರಿಸುತ್ತಿತ್ತು. ಯಾಕೆ ಎಂದು ನೋಡುವವನು ಇವನೇ. ಮತ್ತೆ ಎಲ್ಲ ಪಿಸಿಗಳ ಮೇಲೆ ಸಿಸ್ಟಮ್ ಹಕ್ಕಿನಲ್ಲಿ ಓಡುವ ಏಜೆಂಟ್ ಅಂದರೆ ಅದನ್ನು ಕಾಯುವ ಕೆಲಸವೂ ಬರುತ್ತದೆ. 2021ರ ಜುಲೈನಲ್ಲಿ ಕಸೇಯಾ ಕಂಪನಿಯ ವಿಎಸ್‌ಎ ಎಂಬ ಆರ್‌ಎಂಎಂ ಮೂಲಕವೇ ರ‍್ಯಾನ್ಸಮ್‌ವೇರ್ ಹರಡಿದ್ದು ನೆನಪಿದೆಯಲ್ವಾ?

ಎಎಂಸಿ_ಹುಲಿ:
ಒಂದು ಕಹಿ ಘಟನೆ ತೋರಿಸಿ ಇಡೀ ವರ್ಗವನ್ನೇ ಬೇಡ ಎನ್ನಬಾರದು. ಪಿಎಸ್‌ಎಕ್ಸೆಕ್ ಅನ್ನು ದಾಳಿಕೋರರು ಬಳಸಿದಷ್ಟು ಅಡ್ಮಿನ್‌ಗಳೂ ಬಳಸಿಲ್ಲ. ಅದನ್ನು ಮಾತ್ರ ಧಾರಾಳವಾಗಿ ಶಿಫಾರಸು ಮಾಡುತ್ತೀರಿ. ನಮ್ಮ ಆಂಟಿವೈರಸ್ ಅದನ್ನು ಕಂಡ ಕೂಡಲೇ ಕೂಗುತ್ತದೆ.

ಲಾಗ್_ಓದುವವಳು:
ಈ ಮಾತಿನಲ್ಲಿ ಹುಲಿ ಸರ್ ಸರಿ. ಪಿಎಸ್‌ಎಕ್ಸೆಕ್‌ನಿಂದ ದೂರದ ಪಿಸಿಯಲ್ಲಿ ಕಮಾಂಡ್ ಓಡಿಸಿದಾಗ ಆ ಕಡೆಯ ಯಂತ್ರದಲ್ಲಿ ಪಿಎಸ್‌ಎಕ್ಸ್‌ಇಎಸ್‌ವಿಸಿ ಎಂಬ ಸರ್ವಿಸ್ ಕೂರುತ್ತದೆ, ಸಿಸ್ಟಮ್ ಲಾಗ್‌ನಲ್ಲಿ 7045 (ಹೊಸ ಸರ್ವಿಸ್ ಬಂತು ಎಂಬ ಈವೆಂಟ್) ಬೀಳುತ್ತದೆ. ನೀವು ಬಳಸದ ದಿನ ಅದು ಕಂಡರೆ ಎದ್ದು ನಿಲ್ಲಬೇಕು. ದಿನಾ ನೀವೇ ಬಳಸುತ್ತಿದ್ದರೆ ನಿಮ್ಮದು ಯಾವುದು, ಕಳ್ಳನದು ಯಾವುದು ಎಂದು ಹೇಗೆ ಗೊತ್ತಾಗಬೇಕು? ದಿನನಿತ್ಯಕ್ಕೆ ಪವರ್‌ಶೆಲ್ ರಿಮೋಟಿಂಗ್, ಇನ್ವೋಕ್-ಕಮಾಂಡ್ ಬಳಸಿ. ಸರ್ವರ್ 2012ರಿಂದ ಸರ್ವರ್‌ಗಳಲ್ಲಿ ಮೊದಲೇ ಆನ್ ಇರುತ್ತದೆ. ಪಿಸಿಗಳಿಗೆ ಗ್ರೂಪ್ ಪಾಲಿಸಿಯಿಂದ (ಡೊಮೈನ್‌ನ ಎಲ್ಲ ಪಿಸಿಗೂ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ದಾರಿ) ಆನ್ ಮಾಡಿ, 5985 ಪೋರ್ಟ್ ನಿಮ್ಮ ಅಡ್ಮಿನ್ ಪಿಸಿಗೆ ಮಾತ್ರ ತೆರೆದಿರಲಿ. ಪಿಎಸ್‌ಎಕ್ಸೆಕ್ ಅನ್ನು ಸಿಸ್ಟಮ್ ಆಗಿ ನೋಡಬೇಕಾದ ಅಪರೂಪಕ್ಕೆ ಇಟ್ಟುಕೊಳ್ಳಿ.

ಕೇಬಲ್_ಕಟ್ಟು:
ಬಳಕೆದಾರರ ಪರದೆ ನೋಡಲು? ನಾವು ಒಂದು ಉಚಿತ ರಿಮೋಟ್ ಆ್ಯಪ್ ಹಾಕಿದ್ದೇವೆ.

ಪ್ಯಾಚ್_ಬುಧವಾರ:
ಆ ಆ್ಯಪ್‌ಗಳ ಉಚಿತ ಆವೃತ್ತಿ ಸಾಮಾನ್ಯವಾಗಿ ಸ್ವಂತ ಬಳಕೆಗೆ ಮಾತ್ರ, ಷರತ್ತು ಓದಿ. ಡೊಮೈನ್ ಒಳಗಾದರೆ ವಿಂಡೋಸ್‌ನಲ್ಲೇ ದಾರಿ ಇದೆ. ‘ಕ್ಯೂವಿನ್‌ಸ್ಟಾ /ಸರ್ವರ್:ಪಿಸಿಹೆಸರು’ ಕೊಟ್ಟರೆ ಸೆಷನ್ ನಂಬರ್ ಬರುತ್ತದೆ. ಆಮೇಲೆ ‘ಎಂಎಸ್‌ಟಿಎಸ್‌ಸಿ /ವಿ:ಪಿಸಿಹೆಸರು /ಶ್ಯಾಡೋ:ನಂಬರ್ /ಕಂಟ್ರೋಲ್’. ಆ ಕಡೆ ಅನುಮತಿ ಕೇಳುತ್ತದೆ, ಅವರು ಹೂಂ ಎಂದರೆ ಅವರ ಪರದೆ ನಿಮ್ಮ ಮುಂದೆ. ಅದಕ್ಕೊಂದು ಗ್ರೂಪ್ ಪಾಲಿಸಿ ಮತ್ತು ಫೈರ್‌ವಾಲ್ ನಿಯಮ ಬೇಕು. ಒಮ್ಮೆ ಮಾಡಿಟ್ಟರೆ ಮುಗಿಯಿತು. ಹೊರಗಿನವರಿಗೆ ಕ್ವಿಕ್ ಅಸಿಸ್ಟ್.

ತುಮಕೂರಿನವರೇ, ನಿಮ್ಮ 120 ಪಿಸಿಗಳ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಒಂದೇನಾ?

ತುಮಕೂರು_ಆಡ್ಮಿನ್:
ಹೌದು ಸರ್. ಕಂಪನಿ ಹೆಸರು, ಮುಂದೆ 123. ನಗಬೇಡಿ.

ಪ್ಯಾಚ್_ಬುಧವಾರ:
ನಗುವುದಿಲ್ಲ, ಎಲ್ಲ ಕಡೆ ಹೀಗೇ. ಇಡೀ ಬೀದಿಯ ಮನೆಗಳಿಗೆ ಒಂದೇ ಬೀಗದ ಕೈ ಇದ್ದ ಹಾಗೆ. ವಿಂಡೋಸ್ ಲ್ಯಾಪ್ಸ್ ಹಾಕಿ. 2015ರಲ್ಲಿ ಬೇರೆ ಇನ್‌ಸ್ಟಾಲರ್ ಆಗಿ ಬಂದಿತ್ತು. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್ 10, 11, ಸರ್ವರ್ 2019, 2022ರ ಒಳಗೇ ಇದೆ. ಪ್ರತಿ ಪಿಸಿಗೂ ಬೇರೆ ಪಾಸ್‌ವರ್ಡ್, ತಾನಾಗಿ ಬದಲಾಗುತ್ತದೆ, ಎಡಿಯಲ್ಲಿ (ಆಕ್ಟಿವ್ ಡೈರೆಕ್ಟರಿ, ಡೊಮೈನ್‌ನ ಖಾತೆಗಳ ಪಟ್ಟಿ) ಉಳಿಯುತ್ತದೆ. ಎಡಿಯ ವಿನ್ಯಾಸಕ್ಕೆ (ಸ್ಕೀಮಾ) ಅಪ್‌ಡೇಟ್ ಒಮ್ಮೆ, ಕಂಪ್ಯೂಟರ್‌ಗಳನ್ನು ಇಟ್ಟಿರುವ ಓಯುಗೆ (ಎಡಿಯ ಒಂದು ವಿಭಾಗ) ಅನುಮತಿ ಒಮ್ಮೆ, ಒಂದು ಗ್ರೂಪ್ ಪಾಲಿಸಿ. ನಿಮ್ಮ ಫೈಲ್ ಸರ್ವರ್ 2016 ಆದ್ದರಿಂದ ಅದರಲ್ಲಿ ಇದು ಒಳಗೇ ಇರುವುದಿಲ್ಲ, ಅದೊಂದನ್ನು ಕೈಯಲ್ಲೇ ಬದಲಿಸಿ.

ಹಾಗೇ ಡಿಸಿಗಳಲ್ಲಿ ಗ್ರೂಪ್ ಪಾಲಿಸಿ ಫೈಲ್‌ಗಳಿರುವ ಸಿಸ್‌ವಾಲ್ ಫೋಲ್ಡರ್‌ನಲ್ಲಿ ‘ಸಿಪಾಸ್‌ವರ್ಡ್’ ಎಂಬ ಪದ ಹುಡುಕಿ. ಹಿಂದೆ ಗ್ರೂಪ್ ಪಾಲಿಸಿ ಪ್ರಿಫರೆನ್ಸ್‌ನಲ್ಲಿ ಪಾಸ್‌ವರ್ಡ್ ತುಂಬಿಸುವ ಸೌಲಭ್ಯ ಇತ್ತು. ಅದನ್ನು ಬಿಡಿಸುವ ಕೀಯನ್ನು ಮೈಕ್ರೋಸಾಫ್ಟೇ ಪ್ರಕಟಿಸಿತ್ತು. 2014ರಲ್ಲಿ ಹೊಸದಾಗಿ ಬರೆಯುವುದನ್ನು ನಿಲ್ಲಿಸಿದರು, ಆದರೆ ಹಳೆಯವು ಹಾಗೇ ಉಳಿದಿರುತ್ತವೆ. ಡೊಮೈನ್‌ನ ಯಾವ ಬಳಕೆದಾರರು ಬೇಕಾದರೂ ಓದಬಹುದು.

ಎಎಂಸಿ_ಹುಲಿ:
ಇದು ಮಾತ್ರ ಇವತ್ತೇ ಮಾಡಿ. ಆರ್‌ಎಂಎಂ ಜಗಳ ಆಮೇಲೆ ಆಡೋಣ.

ನುಡಿ_ನೌಕರ:
ನಡುವೆ ಬಂದು ಕೇಳುತ್ತಿದ್ದೇನೆ. ಪವರ್‌ಶೆಲ್‌ನಿಂದ ಸಿಎಸ್‌ವಿ ತೆಗೆದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತವೆ. ಫಾಂಟ್ ಸಮಸ್ಯೆಯಾ?

ಲಾಗ್_ಓದುವವಳು:
ಫಾಂಟ್ ಅಲ್ಲ. ಫಾಂಟ್ ಇಲ್ಲದಿದ್ದರೆ ಚೌಕ ಬರುತ್ತದೆ, ಡೇಟಾ ಹಾಗೇ ಇರುತ್ತದೆ. ಪ್ರಶ್ನಾರ್ಥಕ ಬಂದರೆ ಅಕ್ಷರ ಕಳೆದೇ ಹೋಗಿದೆ, ವಾಪಸ್ ಬರುವುದಿಲ್ಲ, ಮತ್ತೆ ತೆಗೆಯಬೇಕು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಎಕ್ಸ್‌ಪೋರ್ಟ್-ಸಿಎಸ್‌ವಿ ಏನೂ ಹೇಳದಿದ್ದರೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತಿರುವ ಆಸ್ಕಿಯಲ್ಲಿ ಬರೆಯುತ್ತದೆ. -ಎನ್‌ಕೋಡಿಂಗ್ ಯುಟಿಎಫ್8 ಸೇರಿಸಿ.

ಪವರ್‌ಶೆಲ್ 7ರಲ್ಲಿ ಇನ್ನೊಂದು ತಮಾಷೆ ಇದೆ. ಅದು ಮೊದಲಿನಿಂದಲೇ ಯುಟಿಎಫ್-8, ಆದರೆ ಫೈಲ್ ಶುರುವಿನಲ್ಲಿ ‘ಇದು ಯುಟಿಎಫ್-8’ ಎಂದು ತಿಳಿಸುವ ಬಿಓಎಂ ಗುರುತು ಹಾಕುವುದಿಲ್ಲ. ಅದನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಚಿಂದಿಯಾಗಿ ಕಾಣುತ್ತದೆ. ಅಲ್ಲಿ ಯುಟಿಎಫ್8ಬಿಓಎಂ ಎಂದು ಕೊಡಿ. ಸ್ಕ್ರಿಪ್ಟ್ ಒಳಗೇ ಕನ್ನಡ ಬರೆದಿದ್ದರೆ ಅದೂ ಅಷ್ಟೆ. 5.1ರಲ್ಲಿ ಓಡಬೇಕಾದರೆ ಪಿಎಸ್1 ಫೈಲನ್ನು ಬಿಓಎಂ ಸಮೇತ ಸೇವ್ ಮಾಡಿ, ಇಲ್ಲದಿದ್ದರೆ ಅದನ್ನು ಹಳೇ ಆನ್ಸಿ ಎಂದುಕೊಂಡು ಓದುತ್ತದೆ.

ನಿಮ್ಮ ಮೂಲ ಪಟ್ಟಿ ನುಡಿ ಅಥವಾ ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿದ್ದರೆ ಕಥೆಯೇ ಬೇರೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ನುಡಿ_ನೌಕರ:
ಯುಟಿಎಫ್8 ಕೊಟ್ಟೆ, ಬಂತು! ಧನ್ಯವಾದ ಮೇಡಂ.

ಕೇಬಲ್_ಕಟ್ಟು:
ಕೊನೆಯದಾಗಿ ಒಂದು. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಹಳೇ ಪಿಸಿಗಳಲ್ಲಿ ಡೊಮೈನ್ ಲಾಗಿನ್ ಆಗುವುದಿಲ್ಲ. ಡೊಮೈನ್‌ನಿಂದ ತೆಗೆದು ಮತ್ತೆ ಸೇರಿಸುತ್ತೇನೆ, ಸರಿಹೋಗುತ್ತದೆ. ಇದಕ್ಕೆ ಸುಲಭದ ದಾರಿ ಇದೆಯಾ?

ಪ್ಯಾಚ್_ಬುಧವಾರ:
ತೆಗೆದು ಸೇರಿಸುವ ಮುಂಚೆ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಡೊಮೈನ್ ಲಾಗಿನ್ ಪರೀಕ್ಷಿಸುವ ಕರ್ಬೆರೋಸ್ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಒಪ್ಪುವುದಿಲ್ಲ. ಸೆಲ್ ಬದಲಿಸಿ, ‘ಡಬ್ಲ್ಯೂ32ಟಿಎಂ /ರೀಸಿಂಕ್’ ಕೊಡಿ. ಡಿಸಿಯಲ್ಲೂ ‘ಡಬ್ಲ್ಯೂ32ಟಿಎಂ /ಕ್ವೆರಿ /ಸೋರ್ಸ್’ ನೋಡಿ. ಪಿಡಿಸಿಯಲ್ಲಿ ‘ಲೋಕಲ್ ಸಿಮೋಸ್ ಕ್ಲಾಕ್’ ಎಂದು ಬಂದರೆ ಇಡೀ ಡೊಮೈನ್ ಆ ಒಂದು ಸೆಲ್ ನಂಬಿ ನಡೆಯುತ್ತಿದೆ ಎಂದರ್ಥ. ಹೊರಗಿನ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್ ಕೊಡಿ.

ಗಡಿಯಾರ ಸರಿಯಿದ್ದೂ ‘ಟ್ರಸ್ಟ್ ರಿಲೇಷನ್‌ಶಿಪ್’ ತಪ್ಪಿದೆ ಎಂಬ ದೂರು ಬಂದರೆ ಆಗ ಪಿಸಿಯ ಸ್ವಂತ ಪಾಸ್‌ವರ್ಡ್ ತಪ್ಪಿದೆ. ಅದು 30 ದಿನಕ್ಕೊಮ್ಮೆ ಬದಲಾಗುತ್ತದೆ. ಹಳೇ ಇಮೇಜ್ ಅಥವಾ ಸ್ನ್ಯಾಪ್‌ಶಾಟ್ ವಾಪಸ್ ಹಾಕಿದಾಗ ಹೀಗಾಗುವುದು ಜಾಸ್ತಿ. ಲೋಕಲ್ ಅಡ್ಮಿನ್ ಆಗಿ ಲಾಗಿನ್ ಆಗಿ, ಪಾಸ್‌ವರ್ಡ್ ಲ್ಯಾಪ್ಸ್‌ನಲ್ಲಿ ಸಿಗುತ್ತದೆ. ಪವರ್‌ಶೆಲ್ 5.1ರಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್‌ಗೆ -ರಿಪೇರ್ ಮತ್ತು -ಕ್ರೆಡೆನ್ಷಿಯಲ್ ಕೊಡಿ. ಟ್ರೂ ಎಂದು ಬಂದರೆ ಆಯಿತು, ಡೊಮೈನ್‌ನಿಂದ ತೆಗೆಯುವ ಕೆಲಸವೇ ಇಲ್ಲ.

ತುಮಕೂರು_ಆಡ್ಮಿನ್:
ಬಿಲ್ಲಿಂಗ್ ಸಾಫ್ಟ್‌ವೇರ್ ವರದಿ: ಪ್ರಾಕ್‌ಮಾನ್‌ನಲ್ಲಿ ಎರಡೇ ಸಾಲು ಉಳಿದವು. ಒಂದು ಐಎನ್‌ಐ ಫೈಲ್, ಇನ್ನೊಂದು ರಿಜಿಸ್ಟ್ರಿ ಕೀ. ಎರಡಕ್ಕೂ ಹಕ್ಕು ಕೊಟ್ಟು ಒಬ್ಬರ ಅಡ್ಮಿನ್ ತೆಗೆದು ನೋಡಿದೆ, ಬಿಲ್ ಪ್ರಿಂಟ್ ಆಯಿತು. ತಿಂಗಳ ಕೊನೆಯ ರಿಪೋರ್ಟ್ ಓಡಿಸುವಾಗ ಬೇರೆ ಫೈಲ್ ಮುಟ್ಟಬಹುದು ಅಲ್ವಾ?

ಪ್ಯಾಚ್_ಬುಧವಾರ:
ಮುಟ್ಟಬಹುದು. ಉಳಿದ ಏಳು ಜನರನ್ನು ತಿಂಗಳ ಕೊನೆ ಮುಗಿಯುವ ತನಕ ಮುಟ್ಟಬೇಡಿ. ರಿಪೋರ್ಟ್ ಓಡಿಸುವ ದಿನ ಆ ಒಬ್ಬರ ಪಿಸಿಯಲ್ಲಿ ಪ್ರಾಕ್‌ಮಾನ್ ಮತ್ತೆ ಹಚ್ಚಿ, ಡ್ರಾಪ್ ಫಿಲ್ಟರ್ಡ್ ಮರೆಯಬೇಡಿ. ಹೊಸ ಸಾಲು ಬಂದರೆ ಇಲ್ಲೇ ಹಾಕಿ, ನೋಡೋಣ.